ಸಮುದ್ರಕ್ಕೂ ಗಾಳಿಗೂ ಲೆಕ್ಕ ಕೂಡಿದರೆ ಮಳೆ

ಮಿರಗ ಕೂಡುವ ಮುಂಚೆ ಗದಗ ಜಿಲ್ಲೆಯ ನಮ್ಮೂರಿನಿಂದ ಅಪ್ಪನ ಫೋನ್ ಬರುವುದು ವಾಡಿಕೆ. ‘ತಮ್ಮಾ, ಈ ಸಲ ಮಳಿ ಹೆಂಗೈತಿ? ಹೆಸರು ಬಿತ್ತಲೋ, ತಡೀಲೋ?’ ಮಗ ಪುಣೆಯಲ್ಲಿ ಹವಾಮಾನದ ಪ್ರೋಗ್ರಾಂ ಬರೆಯುತ್ತಾನೆ ಎಂದ ಮೇಲೆ ಮಳೆಯ ದಿನವೂ ಅವನಿಗೆ ಗೊತ್ತಿರಬೇಕು ಎಂಬುದು ಅವರ ನಂಬಿಕೆ.

ಇಲ್ಲಿನ ಪಾಷಾಣ್‌ನಲ್ಲಿರುವ ಭಾರತೀಯ ಉಷ್ಣವಲಯ ಹವಾಮಾನ ವಿಜ್ಞಾನ ಸಂಸ್ಥೆಗೆ 2018ರಲ್ಲಿ ‘ಪ್ರತ್ಯೂಷ್’ ಬಂತು, 2024ರಲ್ಲಿ ‘ಅರ್ಕ’. ಅರ್ಕದ ಸಾಮರ್ಥ್ಯ 11.77 ಪೆಟಾಫ್ಲಾಪ್. ಅಂದರೆ ಸೆಕೆಂಡಿಗೆ ಸುಮಾರು 11,770 ಲಕ್ಷ ಕೋಟಿ ಲೆಕ್ಕ. ನಾನು ಅಲ್ಲಿನ ನೌಕರನಲ್ಲ. ಆದರೆ ನನ್ನದೂ ಅದೇ ಬಗೆಯ ಕೆಲಸ. ಇಷ್ಟು ದೊಡ್ಡ ಯಂತ್ರವಿದ್ದರೂ ತೊಡಕು ಎಲ್ಲಿ ಗೊತ್ತೇ? ಎರಡು ಪ್ರೋಗ್ರಾಂಗಳನ್ನು ಜೋಡಿಸುವಲ್ಲಿ.

ಗಾಳಿಯ ಲೆಕ್ಕಕ್ಕೆ ಒಂದು ಪ್ರೋಗ್ರಾಂ, ಸಮುದ್ರದ ಲೆಕ್ಕಕ್ಕೆ ಇನ್ನೊಂದು. ಸಮುದ್ರ ಬಿಸಿಯಾದರೆ ಮೋಡ ಕಟ್ಟುತ್ತದೆ. ಮೋಡ ಬಿಸಿಲನ್ನು ತಡೆಯುತ್ತದೆ, ಗಾಳಿ ತಳದ ತಣ್ಣೀರನ್ನು ಕಲಕುತ್ತದೆ, ಸಮುದ್ರ ತಂಪಾಗುತ್ತದೆ. ಸಮುದ್ರದ ಉಷ್ಣತೆಯನ್ನು ಮೊದಲೇ ಬರೆದಿಟ್ಟುಬಿಟ್ಟರೆ ಈ ಕೊಡುಕೊಳ್ಳುವಿಕೆಯೇ ಇರುವುದಿಲ್ಲ. ಮಳೆಯ ಲೆಕ್ಕ ದಾರಿ ತಪ್ಪುತ್ತದೆ. ಅದಕ್ಕೇ 2012ರಲ್ಲಿ ಶುರುವಾದ ‘ಮಾನ್ಸೂನ್ ಮಿಷನ್’ ಅಮೆರಿಕದ ‘ಸಿಎಫ್‌ಎಸ್’ ಎಂಬ ಜೋಡಿ ಮಾದರಿಯನ್ನು ತಂದು ನಮ್ಮ ಮುಂಗಾರಿಗೆ ಹೊಂದಿಸಿತು. ಅದರಲ್ಲಿ ಅರ್ಧ ಗಂಟೆಗೊಮ್ಮೆ ಸಮುದ್ರ ತನ್ನ ಉಷ್ಣತೆಯನ್ನು ಗಾಳಿಗೆ ಹೇಳುತ್ತದೆ; ಗಾಳಿ ತನ್ನ ಬಿಸಿಲು, ಮಳೆ, ಬೀಸುವ ಬಲವನ್ನು ಸಮುದ್ರಕ್ಕೆ ಒಪ್ಪಿಸುತ್ತದೆ.

ಎಂ.ಟೆಕ್ ಪ್ರಾಜೆಕ್ಟ್‌ನಲ್ಲಿ ನಾನು ಇಂಥದೇ ಒಂದು ಚಿಕ್ಕ ಜೋಡಣೆ ಮಾಡಿದ್ದೆ. ನೀರು ಆವಿಯಾದರೆ ಸಮುದ್ರ ಶಾಖ ಕಳೆದುಕೊಳ್ಳಬೇಕು. ಒಂದು ಕಿಲೋ ನೀರಿಗೆ ಸುಮಾರು 25 ಲಕ್ಷ ಜೂಲ್. ನನ್ನ ಸಮುದ್ರ ಮಾತ್ರ ಆವಿಯಾದಷ್ಟೂ ಬಿಸಿಯಾಗುತ್ತ ಹೋಯಿತು! ಕಾರಣ ಸಿಗಲು ಮೂರು ವಾರ ಬೇಕಾಯಿತು. ಗಾಳಿಯ ಪ್ರೋಗ್ರಾಂಗೆ ಮೇಲಕ್ಕೆ ಹೋಗುವ ಶಾಖ ‘ಪ್ಲಸ್’, ಸಮುದ್ರದ್ದಕ್ಕೆ ಕೆಳಕ್ಕೆ ಬರುವುದು ‘ಪ್ಲಸ್’. ಬೇರೆ ಬೇರೆಯಾಗಿ ನೋಡಿದರೆ ಎರಡೂ ಸರಿ. ನಡುವೆ ಒಂದು ಮೈನಸ್ ಹಾಕುವುದನ್ನು ನಾನು ಮರೆತಿದ್ದೆ.

ಅದು ಕಣ್ಣಿಗೆ ಬೀಳುವ ತಪ್ಪು. ಕಾಣದ ತಪ್ಪಿಗೇ ಹೆಚ್ಚು ಹೆದರಬೇಕು. ಎರಡೂ ಪ್ರೋಗ್ರಾಂಗಳ ಚೌಕಗಳ ಅಳತೆ ಬೇರೆ. ಮಂಗಳೂರಿನ ಕರಾವಳಿಯಲ್ಲಿ ಗಾಳಿಯ ಒಂದೇ ಚೌಕದೊಳಗೆ ನೆಲವೂ ಉಂಟು, ಕಡಲೂ ಉಂಟು. ಗಾಳಿ ಕೊಟ್ಟ ಶಾಖವೆಲ್ಲ ಪೈಸೆ ಬಿಡದೆ ಸಮುದ್ರದ ಖಾತೆಗೆ ಜಮೆಯಾಗಬೇಕು. ಚದರ ಮೀಟರಿಗೆ 1 ವ್ಯಾಟ್ ಹೆಚ್ಚುಕಡಿಮೆಯಾದರೂ, 50 ಮೀಟರ್ ಮೇಲ್ಪದರದ ನೀರು ವರ್ಷದಲ್ಲಿ ಸುಮಾರು 0.15 ಡಿಗ್ರಿ ಬದಲಾಗುತ್ತದೆ. ಹತ್ತು ವರ್ಷದ ಲೆಕ್ಕದಲ್ಲಿ ಅದು ಸಣ್ಣದಲ್ಲ.

ಹೋದ ಬೇಸಿಗೆ ರಜೆಗೆ ಊರಿಗೆ ಹೋದಾಗ ಅಪ್ಪನಿಗೆ ಇದೆಲ್ಲ ಹೇಳಿದೆ. ‘ಮಿಷನ್ ಮಾದರಿಯ ಒಂದು ಚೌಕ ಸುಮಾರು 38 ಕಿಲೋಮೀಟರ್ ಅಪ್ಪಾ. ನಮ್ಮ ಹೊಲ ಅದ್ರಾಗ ಕಾಣಂಗಿಲ್ಲ. ಇಡೀ ಹಂಗಾಮು ಹೆಂಗಿರ್ತೈತಿ ಅನ್ನೋದು ಅದ್ರಿಂದ ತಿಳೀತೈತಿ. ಬಿತ್ತೋ ದಿನಕ್ಕ ಹವಾಮಾನ ಇಲಾಖೆಯ ಐದು ದಿನದ ಮುನ್ಸೂಚನೆ ನೋಡ್ರಿ.’

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. ‘ಅಂದ್ರ ನಿಮಗೂ ಪೂರಾ ಗೊತ್ತಿಲ್ಲ ಅನ್ನು’ ಎಂದರು.

‘ಇಲ್ರಿ’ ಎಂದೆ.

ಆ ಮಿರಗಕ್ಕೆ ಅವರು ಅರ್ಧ ಹೊಲಕ್ಕೆ ಹೆಸರು ಬಿತ್ತಿ, ಉಳಿದರ್ಧ ತಡೆದರು. ಈ ಸಲವೂ ಫೋನ್ ಬಂತು. ಮಳೆ ಯಾವತ್ತು ಎಂದು ಕೇಳಲಿಲ್ಲ. ‘ಸಮುದ್ರ ಎಷ್ಟು ಕಾದೈತಿ?’ ಎಂದು ಕೇಳಿದರು.