ಚಕ್ರದೊಳಗಿನ ಹಾಲು

ಹೆಬ್ಬಾಳದ ಮೇಲ್ಸೇತುವೆ ಇಳಿದರೆ ಭಾನುವಾರದ ಬಳ್ಳಾರಿ ರಸ್ತೆಗೆ ಬೇರೆಯದೇ ಮುಖ. ಬೆಳಗಿನ ಐದೂವರೆ. ವಿಮಾನ ಹಿಡಿಯಬೇಕಾದವರ ಟ್ಯಾಕ್ಸಿಗಳು ನಡುರಸ್ತೆಯಲ್ಲಿ ಸುಯ್ಯೆಂದು ಹೋಗುತ್ತಿದ್ದರೆ, ಎಡದಂಚಿನಲ್ಲಿ ಪುಟ್ಟ ಕೆಂಪು ದೀಪಗಳ ಸಾಲೊಂದು ಮಿಣಮಿಣ ಎನ್ನುತ್ತಾ ಸಾಗುತ್ತದೆ. ನಂದಿಬೆಟ್ಟಕ್ಕೆ ಹೊರಟ ಸೈಕಲ್ಲಿನವರು. ಸಾಫ್ಟ್‌ವೇರ್ ಹುಡುಗರು, ರಾತ್ರಿ ಪಾಳಿ ಮುಗಿಸಿ ನೇರ ಬಂದ ಡಾಕ್ಟರು, ಬ್ಯಾಂಕಿನಿಂದ ನಿವೃತ್ತರಾದ ಹಿರಿಯರೊಬ್ಬರು. ಯಾರಿಗೂ ಇನ್ನೂ ಮಾತಿನ ಹುಮ್ಮಸ್ಸಿಲ್ಲ. ಚೈನಿನ ಸದ್ದು, ಡಾಂಬರಿನ ಮೇಲೆ ರಬ್ಬರಿನ ಗುಂಯ್‌ಗುಟ್ಟುವಿಕೆ, ಅಷ್ಟೆ.

ಯಲಹಂಕದ ವಾಯುನೆಲೆಯ ಬೇಲಿ ಪಕ್ಕದಲ್ಲಿ ಸರಿಯುವ ಹೊತ್ತಿಗೆ ಇನ್ನೊಂದು ಸದ್ದು ಸೇರಿಕೊಂಡಿತು. ಫುಸ್... ಫುಸ್... ಫುಸ್. ಚಕ್ರ ಒಂದು ಸುತ್ತು ಬಂದರೆ ಒಂದು ಫುಸ್. ಮುಂದಿದ್ದ ಹುಡುಗನ ಹಿಂಚಕ್ರದಿಂದ ಬಿಳಿ ಹನಿಗಳು ಚಿಮ್ಮಿ ಅವನ ಕರಿ ಚಡ್ಡಿಯ ಮೇಲೂ ಹಿಂದಿದ್ದ ಡಾಕ್ಟರ ಕನ್ನಡಕದ ಮೇಲೂ ಚುಕ್ಕಿ ಇಟ್ಟವು. ಅವನು ಬ್ರೇಕಿಗೆ ಕೈಹಾಕುವಷ್ಟರಲ್ಲಿ ಹಿಂದಿನಿಂದ ಕೂಗು ಬಂತು: "ನಿಲ್ಲಿಸ್ಬೇಡ ಮಾರಾಯ, ತುಳೀತಾ ಇರು!" ತುಳಿದ. ಫುಸ್ ಸಣ್ಣಗಾಯಿತು, ತೊದಲಿತು, ನಿಂತುಹೋಯಿತು. ಯಾರೊಬ್ಬರೂ ಕಾಲು ನೆಲಕ್ಕಿಡಲಿಲ್ಲ.

ಈ ರಸ್ತೆಯ ಅಂಚು ಅಂಥದ್ದು. ಲಾರಿಗಳ ರೇಡಿಯಲ್ ಟೈರು ಸಿಡಿದಾಗ ಅದರೊಳಗಿನ ಉಕ್ಕಿನ ಎಳೆಗಳು ಉದುರುತ್ತವೆ. ಕಣ್ಣಿಗೆ ಕಾಣದಷ್ಟು ಸಣ್ಣವು, ಆದರೆ ಸೈಕಲ್ ಟೈರನ್ನು ತಪ್ಪದೆ ಹುಡುಕಿಕೊಳ್ಳುತ್ತವೆ. ಜೊತೆಗೆ ಶನಿವಾರ ರಾತ್ರಿಯ ಬಿಯರ್ ಬಾಟಲಿ ಚೂರು. ದೇವನಹಳ್ಳಿ ದಾಟಿ ನಂದಿಯ ಕಡೆಗೆ ತಿರುಗಿದ ಮೇಲೆ ದ್ರಾಕ್ಷಿ ತೋಟಗಳ ಸೀಮೆ. ಅಲ್ಲಿ ಗಾಜು ಕಡಿಮೆಯಾಗಿ ಮುಳ್ಳು ಶುರು. ಜಾಲಿ ಮುಳ್ಳಾದರೂ ಕಣ್ಣಿಗೆ ಬಿದ್ದೀತು. ನೆಗ್ಗಿಲು ಕಾಯಿ ಹಾಗಲ್ಲ, ಹೇಗೆ ಬಿದ್ದರೂ ಅದರ ಒಂದು ಮುಳ್ಳು ಆಕಾಶ ನೋಡುತ್ತಲೇ ಇರುತ್ತದೆ.

ಆ ಹುಡುಗನ ಟೈರಿನಲ್ಲಿ ಟ್ಯೂಬಿಲ್ಲ. ರಿಮ್ಮಿನ ಕಡ್ಡಿ ತೂತುಗಳನ್ನು ಟೇಪು ಸುತ್ತಿ ಮುಚ್ಚಿದೆ. ಟೈರಿನ ಅಂಚು ರಿಮ್ಮಿಗೆ ಬಿಗಿಯಾಗಿ ಕೂತು ತಾನೇ ಗಾಳಿ ಹಿಡಿದಿದೆ. ಒಳಗೆ ನಲವತ್ತು ಮಿಲಿಲೀಟರಿನಷ್ಟು ಬಿಳಿಯ ದ್ರವ. ಸೀಲೆಂಟ್ ಎಂದು ಅದರ ಹೆಸರು. ಬಹುಪಾಲು ಕಂಪನಿಗಳದ್ದು ರಬ್ಬರ್ ಹಾಲೇ. ಸುಳ್ಯ, ಪುತ್ತೂರಿನ ಕಡೆಯವರು ಬಾಟಲಿಯ ಮುಚ್ಚಳ ತೆಗೆದರೆ ಮೂಗಿನಲ್ಲೇ ಗುರುತು ಹಿಡಿದಾರು: ಮರದಿಂದ ಇಳಿಸಿದ ಹಾಲು ಹೆಪ್ಪುಗಟ್ಟದಿರಲೆಂದು ಬೆರೆಸುವ ಅಮೋನಿಯಾದ ಅದೇ ಘಾಟು. ಟೈರಿಗೆ ತೂತು ಬಿದ್ದೊಡನೆ ಗಾಳಿಯ ಜೊತೆ ಹಾಲೂ ಹೊರಗೆ ನುಗ್ಗುತ್ತದೆ. ಅದರಲ್ಲಿ ಕಲಸಿದ ನಾರು, ಪುಡಿ ತೂತಿನ ಬಾಯಲ್ಲಿ ಸಿಕ್ಕಿಕೊಳ್ಳುತ್ತವೆ, ಹಾಲು ಅವುಗಳ ಸುತ್ತ ಗಟ್ಟಿಯಾಗುತ್ತದೆ. ಗಾಯದ ಮೇಲೆ ರಕ್ತ ಹೆಪ್ಪುಗಟ್ಟಿದ ಹಾಗೆ.

ಕೇಳಲು ಸಲೀಸು. ಆದರೆ ಬೆಟ್ಟಗುಡ್ಡದ ದಪ್ಪ ಟೈರಿನ ಸೈಕಲ್ಲಿಗೆ ಫ್ರಾನ್ಸಿನ ಮಾವಿಕ್ ಕಂಪನಿ 1999ರಲ್ಲೇ ಟ್ಯೂಬಿಲ್ಲದ ಏರ್ಪಾಡು ತಂದಿದ್ದರೂ, ರೋಡ್ ಬೈಕಿಗೆ ಹಚಿನ್ಸನ್ ಮತ್ತು ಶಿಮಾನೊ ಸೇರಿ ಇದನ್ನು ತಂದದ್ದು 2006ರಲ್ಲಿ. ಅಡ್ಡಿ ಇದ್ದದ್ದು ಗಾಳಿಯ ಒತ್ತಡದಲ್ಲಿ. ಆಗಿನ ರೋಡ್ ಬೈಕಿಗೆ 23 ಮಿಲಿಮೀಟರಿನ ಕಡ್ಡಿಯಂಥ ಟೈರು, ಅದಕ್ಕೆ ನೂರು ಪಿಎಸ್‌ಐ ಮೀರಿದ ಗಾಳಿ. ಅಷ್ಟು ಬಿರುಸಿನಲ್ಲಿ ನುಗ್ಗುವ ಗಾಳಿ ಹೆಪ್ಪನ್ನೇ ಹೊತ್ತುಕೊಂಡು ಹೊರಗೆ ಹಾರುತ್ತದೆ. ಟೈರು 28, 30ಕ್ಕೆ ಅಗಲವಾಗಿ, ಗಾಳಿ ಅರವತ್ತು ಎಪ್ಪತ್ತಕ್ಕೆ ಇಳಿದ ಮೇಲೆಯೇ ಹಾಲಿಗೆ ಕೆಲಸ ಮಾಡಲು ಪುರುಸೊತ್ತು ಸಿಕ್ಕಿದ್ದು.

ಈ ಗಾಳಿ ಇಳಿಸುವ ವಿಷಯವನ್ನು ಜನ ಸಾಕಷ್ಟು ಹೊಗಳುವುದಿಲ್ಲ ಎಂದೇ ನನಗೆ ಅನಿಸುವುದು. ಎಲ್ಲರ ಬಾಯಲ್ಲೂ ಪಂಕ್ಚರಿನ ಮಾತೇ. ಊರು ಬಂತೆಂದು ಹೇಳಲು ನಮ್ಮ ರಸ್ತೆಗಳಲ್ಲಿ ಹಂಪುಗಳನ್ನು ಸಾಲಾಗಿ ಹಾಕಿರುತ್ತಾರಲ್ಲ, ಐದಾರು ಒಟ್ಟಿಗೆ, ಅವುಗಳ ಮೇಲೆ ಹಾದುನೋಡಿ. ಗಟ್ಟಿ ಗಾಳಿಯ ಟೈರು ಹಲ್ಲು ಕಟಕಟ ಎನ್ನಿಸುತ್ತದೆ. ಗಾಳಿ ಕಡಿಮೆ ಮಾಡೋಣವೆಂದರೆ ಟ್ಯೂಬಿಗೆ ಇನ್ನೊಂದು ಕಂಟಕ: ಗುಂಡಿಗೆ ಇಳಿದಾಗ ರಿಮ್ಮಿನ ಎರಡು ಅಂಚಿಗೂ ನೆಲಕ್ಕೂ ನಡುವೆ ಸಿಕ್ಕಿ, ಹಾವು ಕಚ್ಚಿದಂತೆ ಜೋಡಿ ತೂತು. ಟ್ಯೂಬೇ ಇಲ್ಲದಿದ್ದರೆ ಕಚ್ಚಿಸಿಕೊಳ್ಳುವುದು ಯಾವುದು? ಹೀಗೆ ಮೆತ್ತಗಾದ ಟೈರು ರಸ್ತೆಯ ತರಿಯನ್ನು ತಾನೇ ನುಂಗಿಕೊಂಡು ಹೋಗುತ್ತದೆ.

ಆ ಸುಖದ ಬೆಲೆ ಶನಿವಾರ ಸಂಜೆ ತೆರಬೇಕು. ಅಪಾರ್ಟ್‌ಮೆಂಟಿನ ಬಾಲ್ಕನಿ ನೋಡಿ. ಹಳೆ ಪೇಪರು ಹಾಸಿದೆ, ಬಕೆಟ್ಟಿನಲ್ಲಿ ಸೋಪುನೀರು. ಹೊಸ ಟೈರಿನ ಕೊನೆಯ ಒಂದು ಗೇಣು ರಿಮ್ಮಿನೊಳಗೆ ಹೋಗುವುದೇ ಇಲ್ಲ. ಹೆಬ್ಬೆರಳು ಕೆಂಪಾಗಿ, ಬಾಯಲ್ಲಿ ಸಹಸ್ರನಾಮ. ಕೊನೆಗೂ ಒಳಗೆ ಹೋದ ಮೇಲೆ ಗಾಳಿ ಹೊಡೆದರೆ ಒಂದು ಕಡೆಯಿಂದ ಹೋದದ್ದು ಇನ್ನೊಂದು ಕಡೆಯಿಂದ ಆಚೆಗೆ. ಒಮ್ಮೆಲೇ ರಭಸದಲ್ಲಿ ತುಂಬಬೇಕು. ಅಂಚು ಜಾಗಕ್ಕೆ ಕೂರುವಾಗ ಟಣ್, ಟಣ್ ಎಂದು ಸಿಡಿದಂತೆ ಸದ್ದು. ಪಕ್ಕದ ಮನೆಯ ಅಜ್ಜಿ, "ಏನಪ್ಪಾ, ಕುಕ್ಕರ್ ಹೋಯ್ತಾ?" ಎಂದು ಇಣುಕುತ್ತಾರೆ. ಆಮೇಲೆ ವಾಲ್ವಿನ ಒಳತಿರುಳು ಬಿಚ್ಚಿ ಸಿರಿಂಜಿನಲ್ಲಿ ಹಾಲು ಬಿಟ್ಟು, ಚಕ್ರವನ್ನು ಎಲ್ಲ ದಿಕ್ಕಿಗೂ ವಾಲಿಸಿ ಆಡಿಸಬೇಕು. ಅಲ್ಲಿಗೂ ಮುಗಿಯಲಿಲ್ಲ. ನಮ್ಮ ಬೇಸಿಗೆಗೆ ಹಾಲು ಬೇಗ ಒಣಗುತ್ತದೆ, ಎರಡು ಮೂರು ತಿಂಗಳಿಗೊಮ್ಮೆ ಮತ್ತೆ ಹಾಕಬೇಕು. ಹಳೆಯ ಟೈರು ಬಿಚ್ಚಿದರೆ ಒಳಗೆ ತೆಳು ರಬ್ಬರ್ ಪೊರೆ, ಅದರಲ್ಲಿ ಮುರಿದ ಮುಳ್ಳಿನ ಮೊನೆಗಳು. ಸವಾರನಿಗೆ ಗೊತ್ತೇ ಆಗದೆ ಆಗಿಹೋದ ಪಂಕ್ಚರುಗಳು ಅವು.

ಬೆಟ್ಟದ ಬುಡದಿಂದ ತುದಿಗೆ ಏಳೆಂಟು ಕಿಲೋಮೀಟರು. ತುದಿ ಇರುವುದು 1,478 ಮೀಟರ್ ಎತ್ತರದಲ್ಲಿ. ಹತ್ತುವಾಗ ಟೈರಿನ ಬಗ್ಗೆ ಯಾರಿಗೂ ಚಿಂತೆಯಿಲ್ಲ, ಉಸಿರಿನದ್ದೇ ಚಿಂತೆ. ಮಂಜಿನೊಳಗೆ ಏದುಸಿರು ಮಾತ್ರ ಕೇಳುತ್ತದೆ, ಮೋಟಾರ್‌ಬೈಕಿನ ಹುಡುಗರು "ಇನ್ನೇನು ಬಂತು ಅಂಕಲ್!" ಎಂದು ಸುಳ್ಳು ಹೇಳಿಕೊಂಡು ಹೋಗುತ್ತಾರೆ. ಟೈರು ನೆನಪಾಗುವುದು ಇಳಿಯುವಾಗ. ತಿರುವಿನಲ್ಲಿ ಇಬ್ಬನಿ, ಉದುರಿದ ಎಲೆ, ನಡುವೆ ಗೋಡೆಯ ಮೇಲಿಂದ ಜಿಗಿಯುವ ಕೋತಿ. ಸೈಕಲ್ ವಾಲಿಸಿದಾಗ ಮೆತ್ತನೆಯ ಟೈರು ರಸ್ತೆಯನ್ನು ಅಂಟಿಕೊಳ್ಳುವುದು ಕೈಗೇ ತಿಳಿಯುತ್ತದೆ.

ಇಳಿಜಾರಿನಲ್ಲಿ ಹೆದರಿಸುವ ಸುದ್ದಿಯೂ ಇದೆ. 2024ರ ಫೆಬ್ರವರಿಯಲ್ಲಿ ಯುಎಇ ಟೂರ್ ರೇಸಿನಲ್ಲಿ ಬೆಲ್ಜಿಯಮ್ಮಿನ ಥಾಮಸ್ ಡಿ ಗೆಂಟ್ ಬಿದ್ದಾಗ ಟೈರು ರಿಮ್ಮಿನಿಂದಲೇ ಕಳಚಿಕೊಂಡಿತ್ತು. ಅಂಚಿನಲ್ಲಿ ಕೊಕ್ಕೆಯಿಲ್ಲದ ರಿಮ್ಮು ಅದು. ಇಂಥ ರಿಮ್ಮಿಗೆ 5 ಬಾರ್, ಅಂದರೆ 72 ಪಿಎಸ್‌ಐ ಸುಮಾರು ಗರಿಷ್ಠ ಮಿತಿ. ಟೈರಿನ ಅಗಲಕ್ಕೂ ರಿಮ್ಮಿನ ಅಗಲಕ್ಕೂ ಹೊಂದಿಕೆ ಬೇಕು. ಆ ಸುದ್ದಿ ಬಂದಾಗಿನಿಂದ ನಮ್ಮ ಬ್ಯಾಂಕಿನ ಹಿರಿಯರು ಟ್ಯೂಬು ಬಿಡುವ ಮಾತನ್ನೇ ಆಡುವುದಿಲ್ಲ. "1891ರಲ್ಲಿ ಪ್ಯಾರಿಸ್ಸಿಂದ ಬ್ರೆಸ್ಟಿಗೆ ಹೋಗಿ ವಾಪಸ್, 1,200 ಕಿಲೋಮೀಟರು, ತೆರೋಂ ಅನ್ನೋ ಸವಾರ ಗೆದ್ದಿದ್ದು ಬಿಚ್ಚಿ ಹಾಕೋ ಮಿಶೆಲಿನ್ ಟೈರಲ್ಲಿ. ಒಳಗೆ ಟ್ಯೂಬಿತ್ತು ಕಣಯ್ಯಾ" ಎನ್ನುತ್ತಾರೆ. ವಾರಕ್ಕೊಮ್ಮೆ ಬೆಟ್ಟ ಹತ್ತುವವರಿಗೆ ಅವರ ಮಾತೇ ಸರಿ. ರಾತ್ರಿಯಿಡೀ ತುಳಿಯುವ 400, 600 ಕಿಲೋಮೀಟರಿನ ಬ್ರೆವೆ ಎಂಬ ದೂರದ ಸವಾರಿಗೆ ಹೋಗುವವರು ಬೇರೆ ರೀತಿ ಯೋಚಿಸುತ್ತಾರೆ. ಅಪರಾತ್ರಿಯಲ್ಲಿ, ಮಳೆಯಲ್ಲಿ, ತಲೆಗೆ ಟಾರ್ಚು ಕಟ್ಟಿಕೊಂಡು ಟ್ಯೂಬು ಬದಲಿಸಿದವರಿಗೆ ಬಾಲ್ಕನಿಯ ಒದ್ದಾಟ ಲೆಕ್ಕಕ್ಕಿಲ್ಲ.

ವಾಪಸ್ ಬರುವಾಗ ದೇವನಹಳ್ಳಿಯ ಹತ್ತಿರ ಅದೇ ಹುಡುಗನ ಟೈರನ್ನು ಗಾಜು ಸೀಳಿತು. ಈ ಬಾರಿ ಹಾಲು ಸೋತಿತು. ಅಷ್ಟು ದೊಡ್ಡ ಗಾಯ ಅದರಿಂದ ಮುಚ್ಚುವಂಥದ್ದಲ್ಲ. ಎದುರಿಗೇ ಪಂಕ್ಚರ್ ಅಂಗಡಿ: ತೂಗುಹಾಕಿದ ಹಳೆ ಟೈರು, ಗಾಳಿಗುಳ್ಳೆ ನೋಡಲು ಕಪ್ಪು ನೀರಿನ ತೊಟ್ಟಿ, ಕೆಮ್ಮುತ್ತಿರುವ ಕಂಪ್ರೆಸರು.

"ಏನ್ ಸಾರ್ ಇದು, ಟೈರೊಳಗೆ ಹಾಲು ಹುಯ್ದಿದೀರ?"

"ಟ್ಯೂಬ್‌ಲೆಸ್ ಅಣ್ಣಾ."

ಟ್ಯೂಬ್‌ಲೆಸ್ ಅಂಗಡಿಯವರಿಗೆ ಹೊಸದಲ್ಲ. ಸ್ಕೂಟರಿಗೆ ದಿನಾ ಅಂಟು ಹಚ್ಚಿದ ಪಟ್ಟಿ ತುರುಕುವವರೇ. ಅವರ ಪಟ್ಟಿ ಈ ತೆಳ್ಳನೆ ಟೈರಿಗೆ ದಪ್ಪವಾಯಿತು. ಬ್ಲೇಡಿನಲ್ಲಿ ಉದ್ದಕ್ಕೆ ಸೀಳಿ, ಅರ್ಧವನ್ನು ಸೂಜಿಗೆ ಪೋಣಿಸಿ ಒಂದೇ ಒತ್ತಿಗೆ ಒಳಗಿಳಿಸಿದರು. ಸೈಕಲ್ ಚೀಲದಲ್ಲಿದ್ದ ಪರದೇಶದ ಸಲಕರಣೆ ಚೀಲದಲ್ಲೇ ಉಳಿಯಿತು. ವಾಲ್ವು ಮಾತ್ರ ಅವರ ಗಾಳಿ ಪೈಪಿಗೆ ಹೊಂದಲಿಲ್ಲ. ಹುಡುಗ ಜೇಬಿನಿಂದ ಹಿತ್ತಾಳೆಯ ಪುಟ್ಟ ಅಡಾಪ್ಟರ್ ತೆಗೆದುಕೊಟ್ಟ.

"ಹಾಲು ಲೀಟರ್‌ಗೆ ಎಷ್ಟು ಸಾರ್?"

ಹುಡುಗ ಬೆಲೆ ಹೇಳಿದ. ಅವರು ಟೈರನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ, "ನಂದಿನಿ ಪಾಕೆಟ್ಟೇ ವಾಸಿ ಬುಡಿ. ಮೂವತ್ತು ರೂಪಾಯಿ ಕೊಡಿ" ಎಂದು, ಕಾಯುತ್ತಿದ್ದ ಸ್ಕೂಟರಿನ ಕಡೆ ತಿರುಗಿದರು.