ರಣಹದ್ದಿನ ಲೆಕ್ಕ ತಪ್ಪಿದ್ದೆಲ್ಲಿ?

ಮಕ್ಕಳೇ, ಇವತ್ತು ನಿಮ್ಮ ಅಜ್ಜನನ್ನೋ ಅಜ್ಜಿಯನ್ನೋ ಒಂದು ಪ್ರಶ್ನೆ ಕೇಳಿ. "ನೀವು ಚಿಕ್ಕವರಿದ್ದಾಗ ಊರಲ್ಲಿ ದನ ಸತ್ತರೆ ಏನು ಮಾಡುತ್ತಿದ್ದರು?" (ಊಟ ಮುಗಿದ ಮೇಲೆ ಕೇಳುವುದು ಒಳ್ಳೆಯದು.) ಊರಾಚೆಯ ಬಯಲಿಗೆ ಎಳೆದು ಹಾಕಿ ಬರುತ್ತಿದ್ದರು ಎಂದು ಹೇಳುತ್ತಾರೆ. ಸ್ವಲ್ಪ ಹೊತ್ತಿಗೆ ಆಕಾಶದಲ್ಲಿ ಒಂದು ಚುಕ್ಕೆ, ಆಮೇಲೆ ಹತ್ತು, ಆಮೇಲೆ ಐವತ್ತು. ಬೋಳು ಕುತ್ತಿಗೆಯ ದೊಡ್ಡ ದೊಡ್ಡ ಹಕ್ಕಿಗಳು ಇಳಿದು ಜಗಳವಾಡುತ್ತ ತಿನ್ನುವುದನ್ನು ನಾವು ಹುಡುಗರು ಹುಣಸೆಮರದ ಕೆಳಗೆ ಮೂಗು ಮುಚ್ಚಿಕೊಂಡು ನಿಂತು ನೋಡುತ್ತಿದ್ದೆವು. ಸಂಜೆಗೆ ಬರೀ ಮೂಳೆ. ವಾಸನೆಯಿಲ್ಲ, ನೊಣವಿಲ್ಲ, ರೋಗವಿಲ್ಲ. ಅದಕ್ಕೆ ಸಂಬಳವೂ ಇಲ್ಲ, ಪಿಂಚಣಿಯೂ ಇಲ್ಲ.

ಅವೇ ರಣಹದ್ದುಗಳು. ರಾಮಾಯಣದ ಜಟಾಯುವಿನ ಕುಲ. ಅವುಗಳ ಹೊಟ್ಟೆಯ ಆಮ್ಲ ಎಷ್ಟು ತೀಕ್ಷ್ಣವೆಂದರೆ, ನಮ್ಮನ್ನು ಮಲಗಿಸುವಂಥ ರೋಗಾಣುಗಳೂ ಅಲ್ಲಿ ಸುಟ್ಟುಹೋಗುತ್ತವೆ. 1980ರ ದಶಕದಲ್ಲಿ ಬಿಳಿ ಬೆನ್ನಿನ ರಣಹದ್ದು ಪ್ರಪಂಚದಲ್ಲೇ ಅತಿ ಹೆಚ್ಚು ಸಂಖ್ಯೆಯಲ್ಲಿದ್ದ ದೊಡ್ಡ ಬೇಟೆಹಕ್ಕಿಗಳ ಸಾಲಿನಲ್ಲಿತ್ತು. ಹಾಗಾಗಿಯೇ ಯಾರೂ ಅದನ್ನು ಎಣಿಸುವ ಗೋಜಿಗೆ ಹೋಗಲಿಲ್ಲ. ಕಾಗೆಯನ್ನು ಯಾರು ಎಣಿಸುತ್ತಾರೆ?

ಒಬ್ಬರು ಮಾತ್ರ ಎಣಿಸಿಟ್ಟಿದ್ದರು. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ವಿಜ್ಞಾನಿ ವಿಭು ಪ್ರಕಾಶ್, ರಾಜಸ್ಥಾನದ ಭರತ್‌ಪುರದ ಪಕ್ಷಿಧಾಮದಲ್ಲಿ 1980ರ ದಶಕದಲ್ಲೇ ರಣಹದ್ದಿನ ಗೂಡುಗಳನ್ನು ಲೆಕ್ಕ ಹಾಕಿ ಬರೆದಿಟ್ಟಿದ್ದರು. 1990ರ ದಶಕದಲ್ಲಿ ಮತ್ತೆ ಅಲ್ಲಿ ನೋಡಿದಾಗ ಗೂಡುಗಳು ಖಾಲಿ. ಕೊಂಬೆಗಳ ಮೇಲೆ ಕೆಲವು ಹಕ್ಕಿಗಳು ಕುತ್ತಿಗೆ ಜೋತುಬಿಟ್ಟು ಕೂತಿದ್ದವು. ಕೆಲವು ಸತ್ತು ಮರದಲ್ಲೇ ನೇತಾಡುತ್ತಿದ್ದವು. ಹಳೆಯ ಲೆಡ್ಜರ್ ಇದ್ದದ್ದರಿಂದ ತಾನೆ ಹೊಸ ನಷ್ಟ ಗೊತ್ತಾಗಿದ್ದು! ಬ್ಯಾಂಕಿನಲ್ಲಿ ಜೀವನ ಸವೆಸಿದ ನನಗೆ ಈ ಕಥೆಯಲ್ಲಿ ತುಂಬ ಹಿಡಿಸಿದ ಭಾಗ ಇದು.

ಆಮೇಲೆ ದೇಶದ ಉದ್ದಗಲಕ್ಕೂ ರಸ್ತೆಗಳ ಮೇಲೆ ವಾಹನದಲ್ಲಿ ಹೋಗುತ್ತಾ ಎಣಿಕೆ ನಡೆಯಿತು. 1992ರಿಂದ 2007ರೊಳಗೆ ಬಿಳಿ ಬೆನ್ನಿನ ರಣಹದ್ದು ಶೇಕಡಾ 99.9ರಷ್ಟು ಕುಸಿದಿತ್ತು. ಸಾವಿರ ಮಕ್ಕಳಿರುವ ಶಾಲೆಯಲ್ಲಿ ಒಂದು ದಿನ ಹಾಜರಿ ಕರೆದರೆ ಒಬ್ಬನೇ "ಹಾಜರ್ ಸಾರ್" ಅಂದಂತೆ. ಉದ್ದ ಕೊಕ್ಕಿನ ರಣಹದ್ದು ಮತ್ತು ಅದರ ಹತ್ತಿರದ ಸಂಬಂಧಿ ತೆಳು ಕೊಕ್ಕಿನದು ನೂರಕ್ಕೆ ಮೂರರಷ್ಟು ಉಳಿದಿದ್ದವು.

ಕಾರಣ ಏನು? ಮೊದಲು ಎಲ್ಲರ ಅನುಮಾನ ಸಾಂಕ್ರಾಮಿಕ ರೋಗದ ಮೇಲೆ. ಪಾಕಿಸ್ತಾನದ ಪಂಜಾಬಿನಲ್ಲಿ ಅಮೆರಿಕದ ಪಶುವೈದ್ಯ ವಿಜ್ಞಾನಿ ಲಿಂಡ್ಸೆ ಓಕ್ಸ್ ಮತ್ತು ಸಂಗಡಿಗರು ಸತ್ತ ಹಕ್ಕಿಗಳನ್ನು ಕೊಯ್ದು ನೋಡಿದರು. ಹೆಚ್ಚಿನವುಗಳ ಹೃದಯ, ಯಕೃತ್ತಿನ ಮೇಲೆ ಸುಣ್ಣ ಬಳಿದಂತೆ ಬಿಳಿ ಪದರ. ಅದು ಯೂರಿಕ್ ಆಮ್ಲ, ಅಂದರೆ ಮೂತ್ರಪಿಂಡ ಕೆಲಸ ನಿಲ್ಲಿಸಿದ ಗುರುತು. ವೈರಸ್ಸೇ? ಸಿಗಲಿಲ್ಲ. ಕೀಟನಾಶಕವೇ? ಅಲ್ಲ. ಸೀಸದಂಥ ಲೋಹವೇ? ಅದೂ ಅಲ್ಲ. ಒಂದೊಂದನ್ನೇ ಹೊಡೆದುಹಾಕುತ್ತ ಬಂದವರು ಕೊನೆಗೆ ಒಂದು ಸರಳ ಕೆಲಸ ಮಾಡಿದರು. ರಣಹದ್ದು ತಿನ್ನುವುದು ದನವನ್ನು, ಹಾಗಾದರೆ ದನ ತಿನ್ನುವುದೇನು? ದನದ ಔಷಧಿ ಮಾರುವವರನ್ನು ಹೋಗಿ ವಿಚಾರಿಸಿದರು. ಮೂತ್ರಪಿಂಡಕ್ಕೆ ಪೆಟ್ಟು ಕೊಡಬಲ್ಲ ಔಷಧಿ ಯಾವುದನ್ನಾದರೂ ಮಾರುತ್ತೀರಾ ಎಂದು.

ಸಿಕ್ಕಿತು. ಡೈಕ್ಲೋಫೆನಾಕ್.

ಅಜ್ಜ ಅಜ್ಜಿಯರೇ, ಈ ಹೆಸರು ನಮಗೆ ಹೊಸದಲ್ಲ. ಮೊಣಕಾಲು ನೋವಿಗೆ ನಾವೂ ನುಂಗಿದ್ದೇವೆ, ಮುಲಾಮು ಮಾಡಿ ತಿಕ್ಕಿದ್ದೇವೆ. ಮನುಷ್ಯನಿಗೆ, ದನಕ್ಕೆ ನೋವು ಇಳಿಸುವ ಈ ಅಗ್ಗದ ಔಷಧಿ ರಣಹದ್ದಿಗೆ ವಿಷ. ಓಕ್ಸ್ ತಂಡ ಪರೀಕ್ಷಿಸಿದಾಗ, ಬಿಳಿ ಪದರವಿದ್ದ 25 ಹಕ್ಕಿಗಳಲ್ಲಿ 25ರಲ್ಲೂ ಡೈಕ್ಲೋಫೆನಾಕ್ ಇತ್ತು. ಬೇರೆ ಕಾರಣಕ್ಕೆ ಸತ್ತಿದ್ದ 13ರಲ್ಲಿ ಒಂದರಲ್ಲೂ ಇರಲಿಲ್ಲ. ಲೆಕ್ಕ ಇಷ್ಟು ಚೊಕ್ಕವಾಗಿ ತಾಳೆಯಾಗುವುದು ಅಪರೂಪ. 2004ರಲ್ಲಿ ಇದು 'ನೇಚರ್' ಪತ್ರಿಕೆಯಲ್ಲಿ ಪ್ರಕಟವಾಯಿತು.

"ಎಲ್ಲ ದನಕ್ಕೂ ಈ ಔಷಧಿ ಕೊಡುವುದಿಲ್ಲವಲ್ಲ, ಕೋಟಿಗಟ್ಟಲೆ ಹಕ್ಕಿ ಹೇಗೆ ಸತ್ತಾವು?" ಎಂದು ನೀವು ಕೇಳಬಹುದು. ಆಗಲೂ ಕೇಳಿದರು. ಇಂಗ್ಲೆಂಡಿನ ರೀಸ್ ಗ್ರೀನ್ ಎಂಬ ವಿಜ್ಞಾನಿ ಲೆಕ್ಕ ಹಾಕಿ, ನೂರು ಸತ್ತ ದನಗಳಲ್ಲಿ ಒಂದಕ್ಕಿಂತ ಕಡಿಮೆಯಲ್ಲಿ ವಿಷವಿದ್ದರೂ ಈ ಕುಸಿತಕ್ಕೆ ಸಾಕು ಎಂದು ತೋರಿಸಿದರು. ನಂಬಿಕೆ ಬರದಿದ್ದರೆ ಪೆನ್ಸಿಲ್ ತೆಗೆದುಕೊಳ್ಳಿ. ರಣಹದ್ದು ಮೂರು ದಿನಕ್ಕೊಮ್ಮೆ ಉಂಡರೆ ವರ್ಷಕ್ಕೆ ಸುಮಾರು 120 ಊಟ. 200 ದನದಲ್ಲಿ ಒಂದು ಮಾತ್ರ ವಿಷದ್ದು ಎಂದುಕೊಳ್ಳಿ. ಒಂದು ಊಟದಲ್ಲಿ ಬದುಕುವ ಸಾಧ್ಯತೆ 0.995. ಅದನ್ನು 120 ಸಲ ಗುಣಿಸಿದರೆ ಬರುವುದು ಸುಮಾರು 0.55. ಅಂದರೆ ವರ್ಷಕ್ಕೆ ನೂರರಲ್ಲಿ 45 ಹಕ್ಕಿ ಹೋಯಿತು! ಚಕ್ರಬಡ್ಡಿ ಬೆಳೆಸುವುದು ಮಾತ್ರವಲ್ಲ, ಹೀಗೆ ಕರಗಿಸುವುದೂ ಉಂಟು. ಇತ್ತ ಜಮಾ ಎಷ್ಟು? ಒಂದು ಜೋಡಿಗೆ ವರ್ಷಕ್ಕೆ ಒಂದೇ ಮೊಟ್ಟೆ. ಮರಿ ದೊಡ್ಡದಾಗಿ ತಾನೂ ಮೊಟ್ಟೆಯಿಡಲು ಸುಮಾರು ಐದು ವರ್ಷ ಬೇಕು.

ಹಕ್ಕಿ ಹೋದ ಮೇಲೆ ಬಯಲಿನ ಮಾಂಸ ಬೀದಿನಾಯಿಗಳ ಪಾಲಾಯಿತು. ನಾಯಿ ಹೆಚ್ಚಿತು, ರೇಬಿಸ್ ಹೆಚ್ಚಿತು, ನೀರು ಕೆಟ್ಟಿತು. 2000ದಿಂದ 2005ರವರೆಗೆ ರಣಹದ್ದುಗಳಿಲ್ಲದ ಕಾರಣಕ್ಕೆ ನಮ್ಮ ದೇಶದಲ್ಲಿ ಸುಮಾರು ಐದು ಲಕ್ಷ ಜನ ಹೆಚ್ಚುವರಿಯಾಗಿ ಸತ್ತರು ಎಂದು ಇಬ್ಬರು ಅರ್ಥಶಾಸ್ತ್ರಜ್ಞರು ಈಚೆಗೆ ಅಂದಾಜು ಮಾಡಿದ್ದಾರೆ. ಅಂದಾಜೇ ಇರಬಹುದು, ಆದರೂ ಓದಿದ ಮೇಲೆ ನನಗೆ ಪತ್ರಿಕೆ ಮಡಿಸಿಡಬೇಕೆನಿಸಿತು.

ಇನ್ನು ಪರಿಹಾರ. ಡೈಕ್ಲೋಫೆನಾಕ್ ಬೇಡ ಎಂದಷ್ಟೇ ಹೇಳಿದರೆ ರೈತ ಸುಮ್ಮನಿರುತ್ತಾನೆಯೇ? ಅವನ ಹಸು ನೋವಿನಿಂದ ಮೇವು ಬಿಟ್ಟು ಮಲಗಿರುತ್ತದೆ. ಅದಕ್ಕಾಗಿ ವಿಜ್ಞಾನಿಗಳು ಬದಲಿ ಔಷಧಿ ಹುಡುಕಿದರು. ಮೆಲಾಕ್ಸಿಕಾಮ್ ಎಂಬ ಔಷಧಿಯನ್ನು ಮೊದಲು ಆಫ್ರಿಕಾದ ರಣಹದ್ದುಗಳಿಗೆ, ಆಮೇಲೆ ನಮ್ಮವಕ್ಕೆ ಕೊಟ್ಟು ನೋಡಿದರು. ಏನೂ ಆಗಲಿಲ್ಲ. 2006ರಲ್ಲಿ ಭಾರತ, ನೇಪಾಳ, ಪಾಕಿಸ್ತಾನ ದನದ ಡೈಕ್ಲೋಫೆನಾಕನ್ನು ನಿಷೇಧಿಸಿದವು. ನಮ್ಮವರು ಬಿಡುತ್ತಾರೆಯೇ? ಮನುಷ್ಯರಿಗೆಂದು ಬರುತ್ತಿದ್ದ ದೊಡ್ಡ ಬಾಟಲಿಯನ್ನೇ ದನಕ್ಕೆ ಚುಚ್ಚತೊಡಗಿದರು. ಕೊನೆಗೆ 2015ರಲ್ಲಿ ಸರ್ಕಾರ ಆ ಬಾಟಲಿಯನ್ನು ಮೂರು ಮಿಲಿಲೀಟರಿಗೆ ಇಳಿಸಿತು. ದನಕ್ಕೆ ಅದು ಸಾಲದು. 2023ರಲ್ಲಿ ಕೀಟೋಪ್ರೊಫೆನ್, ಅಸೆಕ್ಲೋಫೆನಾಕ್ ಎಂಬ ಇನ್ನೆರಡು ನೋವಿನ ಔಷಧಿಗಳೂ ದನಗಳಿಗೆ ನಿಷಿದ್ಧವಾದವು. ಹಳ್ಳಿಯಲ್ಲಿ ಹಸು ಸಾಕಿರುವ ಅಜ್ಜಂದಿರು ದನದ ಡಾಕ್ಟರ ಹತ್ತಿರ ಮೆಲಾಕ್ಸಿಕಾಮ್ ಹೆಸರು ಒಮ್ಮೆ ಎತ್ತಿ ನೋಡಿ.

ಹರಿಯಾಣದ ಪಿಂಜೋರಿನಲ್ಲಿ ಜಟಾಯು ಹೆಸರಿನ ಸಂತಾನೋತ್ಪತ್ತಿ ಕೇಂದ್ರವಿದೆ. ಅಲ್ಲಿನ ಉಪಾಯ ಕೇಳಿ. ಜೋಡಿ ಇಟ್ಟ ಮೊದಲ ಮೊಟ್ಟೆಯನ್ನು ಮೆಲ್ಲಗೆ ತೆಗೆದು ಯಂತ್ರದಲ್ಲಿ ಕಾವಿಗೆ ಇಡುತ್ತಾರೆ. ಮೊಟ್ಟೆ ಹೋಯಿತೆಂದು ತಿಳಿದ ತಾಯಿ ಇನ್ನೊಂದು ಇಡುತ್ತದೆ. ಒಂದರ ಜಾಗದಲ್ಲಿ ಎರಡು ಮರಿ! 2020ರ ಅಕ್ಟೋಬರಿನಲ್ಲಿ ಅಲ್ಲಿಂದ ಎಂಟು ಬಿಳಿ ಬೆನ್ನಿನ ಹಕ್ಕಿಗಳನ್ನು ಬಯಲಿಗೆ ಬಿಟ್ಟರು. ನೇಪಾಳದಲ್ಲಂತೂ ಪಿಥೌಲಿ ಎಂಬಲ್ಲಿ ಊರವರೇ 'ಜಟಾಯು ರೆಸ್ಟೋರೆಂಟ್' ನಡೆಸುತ್ತಾರೆ. ಮುದಿ ಹಸುಗಳನ್ನು ತಂದು ಸಾಕಿ, ಅವು ತಾವಾಗಿ ಸತ್ತ ಮೇಲೆ ವಿಷವಿಲ್ಲದ ಊಟವಾಗಿ ಬಡಿಸುತ್ತಾರೆ. ಅಲ್ಲಿ ರಣಹದ್ದುಗಳ ಸಂಖ್ಯೆ ಮತ್ತೆ ಏರತೊಡಗಿದೆ.

ನಮ್ಮ ರಾಮನಗರದ ರಾಮದೇವರ ಬೆಟ್ಟವನ್ನು 2012ರಲ್ಲಿ ರಣಹದ್ದು ಧಾಮವೆಂದು ಘೋಷಿಸಿದರು. 'ಶೋಲೆ' ಸಿನಿಮಾದ ಗಬ್ಬರ್ ಸಿಂಗ್ ಓಡಾಡಿದ ಬಂಡೆಗಳು ಅವೇ. ಉದ್ದ ಕೊಕ್ಕಿನ ರಣಹದ್ದು ಮರದಲ್ಲಲ್ಲ, ಕಡಿದಾದ ಬಂಡೆಯ ಚಾಚಿನಲ್ಲಿ ಗೂಡು ಕಟ್ಟುತ್ತದೆ. ಅಂಥ ಬಂಡೆ ಅಲ್ಲಿ ಬೇಕಾದಷ್ಟಿದೆ. ಹಕ್ಕಿ ಬೆರಳೆಣಿಕೆಯಷ್ಟು.

ಆ ಕಡೆ ಹೋದಾಗ ಕತ್ತೆತ್ತಿ ನೋಡಿ. ಬಾಲ ಕವಲೊಡೆದಂತಿದ್ದರೆ ಅದು ಊರಿನ ಮೇಲೆ ಹಾರುವ ಮಾಮೂಲಿ ಹದ್ದು. ಬಾಲ ಮೋಟಾಗಿದ್ದು, ರೆಕ್ಕೆ ನಿಮ್ಮ ಅಪ್ಪನ ಎತ್ತರಕ್ಕಿಂತ ಅಗಲವಿದ್ದು, ಅದರ ತುದಿ ಬೆರಳು ಬಿಡಿಸಿದಂತೆ ಕಂಡು, ಎಷ್ಟು ಹೊತ್ತಾದರೂ ರೆಕ್ಕೆ ಬಡಿಯದೆ ಸುತ್ತುತ್ತಿದ್ದರೆ ತಕ್ಷಣ ಅಜ್ಜನನ್ನು ಕೂಗಿ. ಅವರೂ ನೋಡಿ ಬಹಳ ವರ್ಷವಾಗಿರುತ್ತದೆ.