ಕಡಿಮೆ ಬಜೆಟ್‌ನ ಪ್ರೇಮಚಿತ್ರ ಗೆಲ್ಲುವುದು, ಸೋಲುವುದು ಯಾವುದರಿಂದ?

ಪ್ರೇಮಚಿತ್ರದ ಕೊನೆ ಪ್ರೇಕ್ಷಕರಿಗೆ ಮೊದಲೇ ಗೊತ್ತಿರುತ್ತದೆ. ಅಮೆರಿಕದ ಕಿರುತೆರೆಗೆಂದು ತಯಾರಾಗುವ ಕ್ರಿಸ್‌ಮಸ್ ಪ್ರೇಮಚಿತ್ರಗಳೂ ಹಾಗೆಯೇ. ಹಣ ಕಡಿಮೆಯಿದ್ದಾಗ ಚಿತ್ರವನ್ನು ಹಿಡಿದು ನಿಲ್ಲಿಸುವುದು ಪಾತ್ರ, ಮಾತು ಮತ್ತು ಊರು. ರಾಜ್ ಬಿ. ಶೆಟ್ಟಿ ನಿರ್ದೇಶಿಸಿ ನಟಿಸಿದ ‘ಒಂದು ಮೊಟ್ಟೆಯ ಕಥೆ’ (2017) ಇದಕ್ಕೆ ನಿದರ್ಶನ. ನಾಯಕ ಜನಾರ್ದನ ಬೋಳುತಲೆಯ ಕನ್ನಡ ಉಪನ್ಯಾಸಕ. ಅವನಿಗೆ ಹೆಣ್ಣು ಹುಡುಕುವುದೇ ಕಥೆ. ಮಂಗಳೂರಿನ ಮನೆ, ಕಾಲೇಜು, ಆಡುಮಾತು ಇದರ ಬಂಡವಾಳ. ತನ್ನ ರೂಪಕ್ಕಾಗಿ ನೊಂದವನೇ ಹೆಣ್ಣಿನ ರೂಪ ಅಳೆಯುವ ವಿಪರ್ಯಾಸ ನಗೆಗೆ ತೂಕ ಕೊಡುತ್ತದೆ. 2019ರಲ್ಲಿ ಇದು ಹಿಂದಿಯಲ್ಲಿ ‘ಉಜ್ಡಾ ಚಮನ್’ ಆಗಿ ಮರುರೂಪ ಪಡೆಯಿತು. ದೊಡ್ಡ ಚಿತ್ರಗಳ ಅದ್ದೂರಿತನವನ್ನು ಅಗ್ಗದಲ್ಲಿ ಅನುಕರಿಸಿದರೆ, ಪ್ರೇಮಿಗಳು ಅಗಲಲು ನಂಬುವಂಥ ಕಾರಣವಿಲ್ಲದಿದ್ದರೆ ಇಂಥ ಚಿತ್ರ ಸಪ್ಪೆಯಾಗುತ್ತದೆ.